ಒಂದು ಹಡಗು, ಮೂರು ಮನವಿ

ಮೆಂಬರ್ ಬಾಯಿ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಚೀಲದಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಮಗನ ಪಾಸ್‌ಪೋರ್ಟಿನ ಜೆರಾಕ್ಸು, ನಾವಿಕರ ಗುರುತಿನ ಪುಸ್ತಕದ ಜೆರಾಕ್ಸು, ಏಜೆಂಟ್ ಕೊಟ್ಟ ನೇಮಕಪತ್ರ, ಕೊನೆಗೆ ಮೊಬೈಲು. ಮೊಬೈಲಿನಲ್ಲಿ ಒಂದು ಫೋಟೋ ಇತ್ತು. ಹಡಗಿನ ಅಡುಗೆಮನೆ, ತುಕ್ಕು ಹಿಡಿದ ಗೋಡೆ, ಖಾಲಿ ಅಕ್ಕಿ ಡಬ್ಬ, ಡಬ್ಬದ ಪಕ್ಕ ಬನಿಯನ್ ಹಾಕಿಕೊಂಡು ನಿಂತ ಅವರ ಮಗ.

"ಹಡಗಿನ ಧಣಿ ಕೈಬಿಟ್ಟು ಹೋಗಿದ್ದಾನಂತೆ. ಬಂದರಿನ ಹೊರಗೆ ಲಂಗರು ಹಾಕಿಸಿ ನಿಲ್ಲಿಸಿದ್ದಾರೆ. ಇಳಿಯಲಿಕ್ಕೆ ಬಿಡುವುದಿಲ್ಲ. ಐದು ತಿಂಗಳಾಯ್ತು. ಎಂತ ಬರೆಯುವುದು, ಯಾರಿಗೆ ಬರೆಯುವುದು, ನೀನು ಹೇಳು," ಎಂದರು.

ಕಾಪುವಿನ ತಾಲೂಕು ಕಚೇರಿಯ ಎದುರಿಗೆ ನನ್ನದು ಅರ್ಜಿ, ಮನವಿ ಬರೆದುಕೊಡುವ ಅಂಗಡಿ. ಇಲ್ಲಿಗೆ ಬರುವವರಲ್ಲಿ ಅರ್ಧ ಜನಕ್ಕೆ ಏನು ಕೇಳಬೇಕೆಂದು ಗೊತ್ತಿರುವುದಿಲ್ಲ, ಇನ್ನರ್ಧ ಜನಕ್ಕೆ ಯಾರಲ್ಲಿ ಕೇಳಬೇಕೆಂದು ಗೊತ್ತಿರುವುದಿಲ್ಲ. ಮೆಂಬರ್ ಬಾಯಿ ಸಾಮಾನ್ಯವಾಗಿ ಈ ಎರಡೂ ಗುಂಪಿಗೆ ಸೇರಿದವರಲ್ಲ. ಒಂದು ಅವಧಿಗೆ ಪಂಚಾಯತಿ ಸದಸ್ಯೆಯಾಗಿದ್ದವರು. ಅವಧಿ ಮುಗಿದು ಎಷ್ಟೋ ಕಾಲವಾದರೂ ಊರಿನವರ ಬಾಯಲ್ಲಿ ಆ ಹೆಸರೇ ನಿಂತಿದೆ, ಬಾಯಿ ಎಂದರೆ ನಮ್ಮಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ನಾವಿಬ್ಬರೂ ಒಂದೇ ಇಗರ್ಜಿಗೆ ಸೇರಿದ ಕ್ರಿಶ್ಚಿಯನ್ನರು, ಮಾತೆಲ್ಲ ಕೊಂಕಣಿಯಲ್ಲೇ ನಡೆಯಿತು, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅವರು ಯಾರ ಮುಂದೆಯೂ ಕೈಯೊಡ್ಡಿದ್ದನ್ನು ನಾನು ಕಂಡಿರಲಿಲ್ಲ. ಆ ದಿನ ಕಾಗದಗಳನ್ನೆಲ್ಲ ನನ್ನ ಕಡೆಗೆ ಸರಿಸಿದರು.

ಮಗ ಹಡಗಿನ ಅಡುಗೆಯವನು. ಹಡಗು ಕೊಲ್ಲಿಯ ಒಂದು ದೇಶದ ಬಂದರಿನಲ್ಲಿ ಸಿಕ್ಕಿಬಿದ್ದಿತ್ತು. ಅಲ್ಲಿಯ ನ್ಯಾಯಾಲಯ ಹಡಗನ್ನು ತಡೆಹಿಡಿದ ಮೇಲೆ ಬೇರೆ ದೇಶದವರೆಲ್ಲ ಒಬ್ಬೊಬ್ಬರಾಗಿ ಇಳಿದು ಹೋಗಿದ್ದರು. ಉಳಿದವರು ಮೂವರು, ಮೂವರೂ ನಮ್ಮ ಜಿಲ್ಲೆಯವರು. ತಡೆಹಿಡಿದ ಹಡಗನ್ನು ಖಾಲಿ ಬಿಡುವಂತಿಲ್ಲ. ಲಂಗರು ಜಾರಿದರೆ, ಜನರೇಟರ್ ನಿಂತರೆ ನೋಡಲು ಜನ ಬೇಕು, ಕನಿಷ್ಠ ಮೂವರು ಬೇಕು ಎಂಬುದು ಆ ಬಂದರಿನ ನಿಯಮ. ಹೀಗಾಗಿ ಕೊನೆಗೆ ಉಳಿದ ಮೂವರು ಹಡಗಿನ ಸಾಮಾನಿನ ಹಾಗೆ ಹಡಗಿಗೇ ಅಂಟಿಕೊಂಡಿದ್ದರು. ವಾರಕ್ಕೊಮ್ಮೆ ದೋಣಿಯಲ್ಲಿ ನೀರು ಬರುತ್ತಿತ್ತು, ಕೆಲವು ವಾರ ಬರುತ್ತಿರಲಿಲ್ಲ.

ಮನವಿ ಬರೆಯುವುದಕ್ಕೆ ನನ್ನದೇ ಒಂದು ಕ್ರಮ ಉಂಟು. ಕಣ್ಣೀರು ಎರಡನೇ ಪುಟದಲ್ಲಿರಬೇಕು. ಮೊದಲ ಪುಟದಲ್ಲಿ ಓದುವ ಅಧಿಕಾರಿಗೆ ಕೆಲಸ ಮಾಡಲು ಬೇಕಾದಷ್ಟೇ ಇರಬೇಕು: ಯಾರು, ಎಲ್ಲಿ, ಪಾಸ್‌ಪೋರ್ಟ್ ಯಾರ ಕೈಯಲ್ಲಿ, ನಮಗೆ ಬೇಕಾದದ್ದು ಏನು. ಹಡಗಿನ ಹೆಸರನ್ನು ನಂಬಬಾರದು, ಹೆಸರಿಗೆ ಬಣ್ಣ ಬಳಿದು ಬೇರೆ ಹೆಸರು ಬರೆಯುತ್ತಾರೆ. ಹಡಗಿನ ಮೈಮೇಲೆ ಕೊರೆದ ಏಳಂಕಿಯ ಸಂಖ್ಯೆ ಮಾತ್ರ ಬದಲಾಗುವುದಿಲ್ಲ. ಬಾಯಿಯ ಮಗನಿಂದ ಆ ಸಂಖ್ಯೆಯ ಫೋಟೋ ತರಿಸಲು ಎರಡು ದಿನ ಹಿಡಿಯಿತು, ಅವರ ಮೊಬೈಲು ಚಾರ್ಜ್ ಆಗುವುದು ಜನರೇಟರ್ ಓಡಿದಾಗ ಮಾತ್ರ.

ಅದೇ ವಾರ ಉಳಿದ ಎರಡು ಮನೆಯವರೂ ಬಂದರು. ಹೆಜಮಾಡಿಯಿಂದ ಒಬ್ಬ ಮೀನುಗಾರ ಬಂದ. ಅವನ ತಮ್ಮ ಆ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಕಾರ್ಕಳದಿಂದ ಒಬ್ಬಳು ಹೆಂಗಸು ಬಂದಳು. ಬಾಗಲಕೋಟೆ ಕಡೆಯಿಂದ ಬಂದು ಕಲ್ಲುಕೋರೆಯ ಬಳಿ ನೆಲೆಸಿದವಳು, ಅವಳ ಗಂಡ ಹಡಗಿನ ಡೆಕ್ಕಿನಲ್ಲಿ ಹಗ್ಗ ಹಿಡಿಯುವವನು. ಅವಳು ಒಳಗೆ ಬಂದವಳೇ ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂತಳು.

"ಅಕ್ಕಾರ, ನನಗ ಓದಾಕ ಬರಂಗಿಲ್ರೀ. ನೀವು ಏನ್ ಬರದ್ರೂ ಸಹಿ ಹಾಕ್ತೀನಿ. ನನ್ ಗಂಡನ್ನ ಕೆಳಗ ಇಳಸ್ರಿ ಸಾಕು," ಎಂದಳು.

ಮೇಲೆ ಕೂತುಕೋ ಮಾರಾಯ್ತಿ ಎಂದು ಎರಡು ಸಲ ಹೇಳಬೇಕಾಯಿತು. ಮೂರು ಮನೆಗೂ ಮೂರು ಮನವಿ ಬರೆದೆ. ಒಂದೊಂದಕ್ಕೂ ಅವರವರು ತಂದ ಕಾಗದ ಲಗತ್ತಿಸಿದೆ. ಹೆಜಮಾಡಿಯವನು ಮೀನುಗಾರರ ಸಂಘದ ಪತ್ರ ತಂದಿದ್ದ. ಕಾರ್ಕಳದವಳ ಹತ್ತಿರ ರೇಶನ್ ಕಾರ್ಡ್ ಬಿಟ್ಟರೆ ಬೇರೇನೂ ಇರಲಿಲ್ಲ. ಮೆಂಬರ್ ಬಾಯಿ ಬೆಂಬಲದ ಪತ್ರ ಯಾವುದನ್ನೂ ತಂದಿರಲಿಲ್ಲ, ನಾನೇ ಇಗರ್ಜಿಗೆ ಹೋಗಿ ಫಾದರ್ ಹತ್ತಿರ ಒಂದು ಪತ್ರ ಬರೆಸಿ ತಂದೆ.

ನಾನು ಮಾಡಿದ ತಪ್ಪು ಇದೇ. ಆದರೆ ಅದನ್ನು ತಪ್ಪೆಂದು ತಿಳಿಯಲು ನಮ್ಮವರಿಗೆ ಸಾಧ್ಯವೇ ಇಲ್ಲ. ನಮಗೆ ಫಾದರ್ ಪತ್ರವಿಲ್ಲದ ಅರ್ಜಿ ಉಪ್ಪಿಲ್ಲದ ಗಂಜಿ. ಶಾಲೆಗೆ ಸೇರುವಾಗ ಫಾದರ್ ಪತ್ರ, ಬೇರೆ ಊರಲ್ಲಿ ಮದುವೆಯಾಗುವಾಗ ಫಾದರ್ ಪತ್ರ, ಮಕ್ಕಳು ಗಲ್ಫಿಗೆ ಹೊರಟರೆ ಯಾರೂ ಕೇಳದಿದ್ದರೂ ಪೆಟ್ಟಿಗೆಯಲ್ಲೊಂದು ಫಾದರ್ ಪತ್ರ. ಕೈ ತಾನಾಗಿಯೇ ಅತ್ತ ಹೋಗುತ್ತದೆ. ಫಾದರ್ ಚೆನ್ನಾಗಿಯೇ ಬರೆದರು: ಹುಡುಗ ಗಾಯನ ವೃಂದದಲ್ಲಿದ್ದವನು, ತಾಯಿ ವಿಧವೆ, ಇಡೀ ಧರ್ಮಕೇಂದ್ರ ಅವನಿಗಾಗಿ ಬೇಡುತ್ತಿದೆ ಎಂದು. ಒಂದು ಪ್ರತಿಯನ್ನು ಬಿಷಪರ ನಿವಾಸಕ್ಕೂ ಕಳಿಸಿದರು. ನಾನು ಬೀಗಿದೆ. ಮೂರು ಮನವಿಯಲ್ಲಿ ಇದೇ ಗಟ್ಟಿ ಎಂದು ಮನಸ್ಸಿನಲ್ಲೇ ಅಂಕ ಕೊಟ್ಟುಕೊಂಡೆ.

ಆಮೇಲೆ ಶುರುವಾಯಿತು ಓಡಾಟ. ನಾವಿಕನಿಗೂ ಮನವಿ ಕೊಟ್ಟವರಿಗೂ ಇರುವ ಸಂಬಂಧವನ್ನು ಗ್ರಾಮ ಆಡಳಿತಾಧಿಕಾರಿ ದೃಢಪಡಿಸಬೇಕು. ಅದರ ಮೇಲೆ ತಹಶೀಲ್ದಾರರ ಮೊಹರು, ಅದನ್ನು ಹಿಡಿದುಕೊಂಡು ಮಣಿಪಾಲದ ಜಿಲ್ಲಾಧಿಕಾರಿ ಕಚೇರಿ, ಅಲ್ಲಿಂದ ದೆಹಲಿಯ ವಿದೇಶಾಂಗ ಇಲಾಖೆಗೆ ಶಿಫಾರಸು ಪತ್ರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಗಳೇ ನಾಲ್ಕು ಜನ. ಕಾರ್ಕಳದವಳ ರೇಶನ್ ಕಾರ್ಡಿನಲ್ಲಿ ಗಂಡನ ಹೆಸರೇ ಇರಲಿಲ್ಲ, ಅವನ ಹೆಸರು ಇನ್ನೂ ಬಾಗಲಕೋಟೆಯ ಅಪ್ಪನ ಕಾರ್ಡಿನಲ್ಲಿತ್ತು. ಅದಕ್ಕಾಗಿ ಮೂರು ಸಲ ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗಿ ಬಂದೆ. ದೆಹಲಿಯ ಪೋರ್ಟಲ್ಲಿನಲ್ಲಿ ಮಾತ್ರ ಬೆಳಿಗ್ಗೆ ನೋಡಿದರೂ ಸಂಜೆ ನೋಡಿದರೂ ಒಂದೇ ಸಾಲು: ಪರಿಶೀಲನೆಯಲ್ಲಿದೆ.

ಒಂದು ದಿನ ದೆಹಲಿಯಿಂದ ಫೋನ್ ಬಂತು. ಆ ದೇಶದ ವಿಷಯ ನೋಡುವ ವಿಭಾಗದ ಅಧಿಕಾರಿಣಿ. ಹಿಂದಿಯಲ್ಲಿ ಕೇಳಿದರು, ಒಂದೇ ಹಡಗಿನ ಜನರ ಕಡತ ಎರಡು ಕಡೆ ಯಾಕಿದೆ ಎಂದು. ನನಗೆ ಅರ್ಥವಾಗಲಿಲ್ಲ. ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಇಬ್ಬರ ಮನವಿ ನಾವಿಕರ ಸಾಲಿನಲ್ಲಿ ಕ್ರಮವಾಗಿ ಬಂದು ಕೂತಿದೆ. ಅಡುಗೆಯವನದು ಮಾತ್ರ ಧಾರ್ಮಿಕ ಸಂಸ್ಥೆಯ ಕೋರಿಕೆ ಎಂದು ಬೇರೆ ಮೇಜಿಗೆ ಹೋಗಿದೆ, ಅದರ ಬಗ್ಗೆ ಬೇರೆ ದಾರಿಯಿಂದಲೂ ವಿಚಾರಣೆ ಬರುತ್ತಿದೆ. ಅವರ ಮಾತಿನಲ್ಲಿ ಆಕ್ಷೇಪವಿತ್ತೋ ಆಶ್ಚರ್ಯವಿತ್ತೋ ತಿಳಿಯಲಿಲ್ಲ. ನಾನಂತೂ ಒಳಗೊಳಗೇ ಖುಷಿಪಟ್ಟೆ. ಬೇರೆ ದಾರಿ ಎಂದರೆ ನಮ್ಮ ದಾರಿ ಎಂದು ಗೊತ್ತಾಯಿತು. ಬಿಷಪರ ನಿವಾಸದಿಂದ ಪತ್ರ ಮೇಲೆ ಹೋಗಿ, ಆ ದೇಶದ ಸರಕಾರದೊಡನೆ ಮಾತಾಡುವ ನಮ್ಮ ಧರ್ಮಸಭೆಯ ಪ್ರತಿನಿಧಿಯವರೆಗೆ ತಲುಪಿತ್ತು.

ವಿದೇಶಾಂಗ ನೀತಿ ಎಂದರೆ ಟಿವಿಯಲ್ಲಿ ಕೈಕುಲುಕುವ ದೊಡ್ಡವರು ಎಂದೇ ನಾನು ತಿಳಿದಿದ್ದೆ. ಆ ವಾರ ಗೊತ್ತಾಯಿತು, ಅದು ಒಂದು ಮೇಜು, ಮೇಜಿನ ಹಿಂದೆ ಒಬ್ಬ ಮನುಷ್ಯ, ಅವನ ಮುಂದೆ ಕಡತಗಳ ಸಾಲು. ನಮ್ಮ ಕಡತ ಸಾಲು ತಪ್ಪಿಸಿಕೊಂಡು ಮುಂದೆ ಹೋಗಿತ್ತು.

ಹತ್ತು ದಿನದ ಮೇಲೆ ದೆಹಲಿಯಿಂದ ಇಮೇಲ್ ಬಂತು, ಅಲ್ಲಿಯ ಬಂದರಿನವರ ಪತ್ರ ಲಗತ್ತಾಗಿತ್ತು. ಮಾನವೀಯ ಕಾರಣಕ್ಕಾಗಿ ಅಡುಗೆಯವನನ್ನು ಇಳಿಸಿ ಕಳಿಸಲು ಒಪ್ಪಿಗೆ. ನಾವಿಕನಾಗಲಿ ಅವನ ತಾಯಿಯಾಗಲಿ ಗುರುವಾರದೊಳಗೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಕಳಿಸಬೇಕು. ಇದು ಮೊದಲ ಪ್ಯಾರಾ. ಎರಡನೇ ಪ್ಯಾರಾವನ್ನು ನಾನು ಎರಡು ಸಲ ಓದಿದೆ. ಒಬ್ಬನು ಇಳಿದ ಮೇಲೆ, ಮೂವರ ನಿಯಮಕ್ಕೆ ವಿನಾಯಿತಿ ಕೊಟ್ಟು, ಉಳಿಯುವ ಇಬ್ಬರನ್ನು ನ್ಯಾಯಾಲಯ ಹಡಗಿನ ಪಾಲಕರೆಂದು ಹೆಸರಿಸುತ್ತದೆ. ಹಡಗು ಹರಾಜಾಗುವ ತನಕ ಅವರು ಇಳಿಯುವಂತಿಲ್ಲ.

ಹರಾಜು ಯಾವಾಗ? ವರ್ಷವಾಗಬಹುದು, ಎರಡೂ ಆಗಬಹುದು. ನಾನು ಆ ಪತ್ರದ ಪ್ರಿಂಟು ತೆಗೆದೆ. ಎರಡನೇ ಪ್ಯಾರಾ ಹಿಂದಕ್ಕೆ ಹೋಗುವಂತೆ ಹಾಳೆಯನ್ನು ಮಡಚಿದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ, ಆದರೆ ಮಡಚಿದ್ದು ನಿಜ. ಮೊದಲು ನಮ್ಮವನು ಬರಲಿ, ಉಳಿದವರದ್ದು ಆಮೇಲೆ ನೋಡುವ ಎಂದು ಮನಸ್ಸು ಹೇಳಿತು. ಮನಸ್ಸಿಗೇನು, ಅದಕ್ಕೆ ಯಾವಾಗಲೂ ಒಂದು ಕಾರಣ ಸಿಗುತ್ತದೆ.

ಮೆಂಬರ್ ಬಾಯಿಗೆ ಫೋನ್ ಮಾಡಿದೆ. ಅವರು ಓಡಿಯೇ ಬಂದರು. ಮೊದಲ ಪ್ಯಾರಾ ಓದಿ ಹೇಳಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿ ನಿಂತರು, ಕಣ್ಣಿಂದ ನೀರು ಇಳಿಯುತ್ತಿತ್ತು. ಅಷ್ಟರಲ್ಲಿ ಹೆಜಮಾಡಿಯವನು ಬಂದ. ಅವನು ವಾರಕ್ಕೊಮ್ಮೆ ಬಂದು ಎಂತಾಯ್ತು ಎಂದು ಕೇಳಿ ಹೋಗುವವನು, ಆ ದಿನವೇ ಬರಬೇಕೇ! ಸುದ್ದಿ ಕೇಳಿ ಅವನ ಮುಖವೂ ಅರಳಿತು. "ಒಳ್ಳೆದಾಯ್ತು ಬಾಯಿ, ಒಬ್ಬನಾದರೂ ಬರ್ತಾನಲ್ಲ," ಎಂದ. ಆಮೇಲೆ ನನ್ನ ಕಡೆ ತಿರುಗಿದ.

"ಅಲ್ಲ ಅಕ್ಕ, ಮೂರು ಜನ ಇರ್ಲೇಬೇಕು ಅಂತ ಹೇಳಿದ್ರಲ್ವಾ? ಒಬ್ಬ ಇಳಿದ್ರೆ ಉಳಿದವರ ಲೆಕ್ಕ ಎಂತ?"

ಕಡಲಲ್ಲಿ ದುಡಿದವನಿಗೆ ಹಡಗಿನ ಲೆಕ್ಕ ತಪ್ಪುವುದಿಲ್ಲ. ಮೆಂಬರ್ ಬಾಯಿ ನನ್ನ ಕೈಯಲ್ಲಿದ್ದ ಹಾಳೆಯನ್ನು ನೋಡಿದರು, ಮಡಚಿದ್ದನ್ನು ನೋಡಿದರು. ಕೈ ಚಾಚಿ ತೆಗೆದುಕೊಂಡು ಬಿಡಿಸಿ ನನ್ನ ಮುಂದಿಟ್ಟರು.

"ಇದು ಎಂತ ಬರ್ದದ್ದು? ಇದನ್ನೂ ಓದು," ಎಂದರು.

ಓದಿದೆ. ಹೆಜಮಾಡಿಯವನು ಬಾಗಿಲ ಹತ್ತಿರ ಹೋಗಿ, "ನೀವು ಸಹಿ ಹಾಕಿ ಬಾಯಿ. ನನ್ನ ತಮ್ಮ ಆಗಿದ್ರೆ ನಾನೂ ಹಾಕ್ತಿದ್ದೆ. ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ," ಎಂದು ಹೇಳಿ ಹೊರಟುಹೋದ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಫಾದರ್ ಬಂಗಲೆಯ ಜಗಲಿಯಲ್ಲಿ ಕೂತೆವು. ಫಾದರ್ ಪತ್ರವನ್ನು ಪೂರ್ತಿ ಓದಿ, ಕನ್ನಡಕ ತೆಗೆದು ಒರೆಸಿದರು. ಅವರಿಗೂ ಎರಡನೇ ಪ್ಯಾರಾ ಕಷ್ಟವಾಯಿತು. ಆದರೆ ಅವರ ಮಾತು ಸಹಿಯ ಕಡೆಗೇ ವಾಲಿತು.

"ನೋಡಿ ಬಾಯಿ, ಒಬ್ಬ ಮುಳುಗುವವನನ್ನು ಎತ್ತಲಿಕ್ಕೆ ಕೈ ಸಿಕ್ಕಿದರೆ ಎತ್ತಬೇಕು. ಉಳಿದವರನ್ನು ಬಿಟ್ಟ ಹಾಗಲ್ಲ. ಧರ್ಮಸಭೆಗೆ ಸರಕಾರಗಳ ಹತ್ತಿರ ಮಾತಾಡುವ ಶಕ್ತಿ ದೇವರು ಕೊಟ್ಟದ್ದು ಇಂಥದ್ದಕ್ಕೇ ಅಲ್ವಾ? ಇದು ಕೃಪೆ. ಬಂದ ಕೃಪೆಯನ್ನು ಬೇಡ ಅನ್ನಬಾರದು."

ಮೆಂಬರ್ ಬಾಯಿ ಪತ್ರವನ್ನು ಅವರ ಕೈಯಿಂದ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಕೇಳಿದರು: "ಫಾದರ್, ನೀವು ಈ ಇಗರ್ಜಿಗೆ ಬರುವ ಮೊದಲಿನ ಕತೆ. ನಾನು ಪಂಚಾಯತಿನಲ್ಲಿದ್ದಾಗ ನೀರಿನ ಪೈಪು ಬಂತು. ನಿಮಗಿಂತ ಮೊದಲಿದ್ದ ಫಾದರ್ ನನ್ನನ್ನು ಕರೆದು, ನಮ್ಮ ವಾಡೆಯ ಮನೆಗಳಿಗೆ ಮೊದಲು ಹಾಕಿಸು, ನೀನು ನಮ್ಮವಳಲ್ವಾ ಅಂದ್ರು. ನಾನು ಆಗ ಎಂತ ಮಾಡಿದೆ ಗೊತ್ತುಂಟಾ?"

ಫಾದರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಊರಿಗೇ ಗೊತ್ತಿತ್ತು. ಬಾಯಿ ಪೈಪನ್ನು ಬಾವಿ ಬತ್ತುವ ತಗ್ಗಿನ ಮನೆಗಳಿಗೆ ಮೊದಲು ಹಾಕಿಸಿದ್ದರು. ಅಲ್ಲಿದ್ದವರಲ್ಲಿ ನಮ್ಮವರು ಎರಡೇ ಮನೆ. ಮುಂದಿನ ಚುನಾವಣೆಯಲ್ಲಿ ಅವರು ಸೋತದ್ದೂ ನಮ್ಮವರ ವೋಟಿನಿಂದಲೇ.

"ಸರಕಾರ ಅಂದ್ರೆ ನನಗೆ ಗೊತ್ತಿರುವುದು ಒಂದೇ ಫಾದರ್. ಸರದಿ. ಸರದಿ ಸರಿಯಾಗಿ ನಡೆದ್ರೆ ಅದು ಸರಕಾರ, ಇಲ್ಲದಿದ್ರೆ ಅದು ಬರೀ ಬಲ. ಪ್ರತಿ ಆದಿತ್ಯವಾರ ಆಳುವವರಿಗಾಗಿ ನಾವು ಪ್ರಾರ್ಥನೆ ಮಾಡ್ತೇವೆ. ಅದು ನಮ್ಮವರಿಗೆ ಮೊದಲು ಕೊಡಲಿ ಅಂತಲಾ? ಹಾಗಾದ್ರೆ ಅದು ಪ್ರಾರ್ಥನೆ ಅಲ್ಲ, ಶಿಫಾರಸು."

"ಇಲ್ಲಿ ನೀವು ಯಾರ ಸರದಿಯನ್ನೂ ಕಸಿಯುತ್ತಾ ಇಲ್ಲ ಬಾಯಿ."

"ಕಸಿಯುತ್ತಾ ಇದ್ದೇನೆ. ಬರೆದು ಕೊಟ್ಟಿದ್ದಾರಲ್ಲ, ಎರಡನೇ ಪ್ಯಾರಾದಲ್ಲಿ. ನನ್ನ ಮಗ ಇಳಿಯುವ ಏಣಿಗೆ ಆ ಇಬ್ಬರನ್ನು ಕಟ್ಟಿ ಹಾಕ್ತಾರೆ. ಆ ಕಾಗದದ ಕೆಳಗೆ ಸಹಿ ನನ್ನದು."

ಫಾದರ್ ಮರುಮಾತಾಡಲಿಲ್ಲ. ನಾನು ನಡುವೆ ಮಾತು ಹಾಕಿದೆ. ನನಗೆ ಆ ಕಾಗದವನ್ನು ಬಿಡಲು ಮನಸ್ಸಿರಲಿಲ್ಲ, ಅಷ್ಟು ಓಡಾಡಿ ತರಿಸಿದ್ದು. "ನೀವು ಸಹಿ ಹಾಕುವುದು ಬೇಡ ಬಾಯಿ. ಇದನ್ನು ನಿಮ್ಮ ಮಗನಿಗೇ ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಅವನು ದೊಡ್ಡವನು, ಅವನೇ ನಿರ್ಧಾರ ಮಾಡಲಿ," ಎಂದೆ.

"ಬೇಡ."

"ಅವನ ಜೀವನ ಅಲ್ವಾ?"

"ಅವನಿಗೆ ಕಳಿಸಬೇಡ ಅಂದೆ." ಅಷ್ಟು ಹೇಳಿ ಎದ್ದರು. ಅವರು ನನಗೆ ಯಾವತ್ತೂ ಅಷ್ಟು ಗಡುಸಾಗಿ ಹೇಳಿರಲಿಲ್ಲ. ಒಳಗೊಳಗೇ ಸಿಟ್ಟು ಬಂತು. ತ್ಯಾಗ ಮಾಡುವವರು ತಮ್ಮದನ್ನು ಮಾಡಲಿ, ಮಗನದ್ದನ್ನು ಮಾಡಲು ಇವರು ಯಾರು ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಗೊಣಗಿಕೊಂಡೆ. ಗುರುವಾರ ಬಂತು, ಮಧ್ಯಾಹ್ನವಾಯಿತು. ಸಹಿ ಹೋಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ಬಾಯಿಯವರೆಗೆ ಬಂದ ತುತ್ತನ್ನು ಕೈಯಾರೆ ಕೆಳಗಿಟ್ಟರು.

ಶುಕ್ರವಾರ ಬೆಳಿಗ್ಗೆ ಬಾಯಿ ಉಳಿದ ಎರಡೂ ಮನೆಯವರನ್ನು ಕರೆದುಕೊಂಡು ಅಂಗಡಿಗೆ ಬಂದರು. "ಮೂರು ಕಾಗದ ಹರಿದು ಹಾಕು. ಒಂದು ಮಾಡು," ಎಂದರು.

ಕೆಲಸದ ದೃಷ್ಟಿಯಿಂದ ಹೇಳುವುದಾದರೆ ಅದೇ ಸರಿಯಾದ ಮನವಿ, ಮೊದಲ ದಿನವೇ ನನಗೆ ಹೊಳೆಯಬೇಕಾಗಿತ್ತು. ವಿಷಯ: ಇಂಥ ಸಂಖ್ಯೆಯ ಹಡಗು. ವ್ಯಕ್ತಿಗಳಲ್ಲ, ಹಡಗು. ಅದರಲ್ಲಿ ಮೂವರು ಭಾರತೀಯರು. ಕೋರಿಕೆ ಒಂದೇ: ನಮ್ಮ ರಾಯಭಾರ ಕಚೇರಿ ಅಲ್ಲಿಯ ನ್ಯಾಯಾಲಯದಲ್ಲಿ ಅರ್ಜಿ ಹಾಕಿ, ಹಡಗು ಕಾಯಲು ಬಂದರಿನ ಕಾವಲುಗಾರರನ್ನು ನೇಮಿಸುವಂತೆ ಕೇಳಬೇಕು. ಈ ಉಪಾಯ ಹೇಳಿದ್ದು ಹೆಜಮಾಡಿಯವನು. ಹಡಗಿಗೆ ಬೇಕಾದದ್ದು ಮೂರು ಜನ ಅಲ್ವಾ, ಇದೇ ಮೂವರು ಅಂತ ಎಲ್ಲಿ ಉಂಟು ಎಂದು ಅವನು ಕೇಳಿದ ಮೇಲೆ ನಾನು ನಿಯಮವನ್ನು ಮತ್ತೆ ತೆಗೆದು ಓದಿದೆ. ನಿಜ, ಎಲ್ಲಿಯೂ ಇರಲಿಲ್ಲ. ಒಬ್ಬೊಬ್ಬರನ್ನು ಇಳಿಸುವುದು ಹೇಗೆಂದು ಯೋಚಿಸುತ್ತಿದ್ದವರಿಗೆ ಹಡಗನ್ನು ನೋಡುವ ಕಣ್ಣೇ ಇರಲಿಲ್ಲ.

ಲಗತ್ತುಗಳ ಪಟ್ಟಿಯಲ್ಲಿ ಫಾದರ್ ಪತ್ರ ಇರಲಿಲ್ಲ, ಸಂಘದ ಪತ್ರವೂ ಇರಲಿಲ್ಲ. ಮೂವರ ಸಹಿ ಒಂದೇ ಹಾಳೆಯಲ್ಲಿ. ಕಾರ್ಕಳದವಳು ಪೆನ್ನು ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿ, ಪಕ್ಕದಲ್ಲಿದ್ದ ಬಾಯಿಯ ಸಹಿಯನ್ನು ನೋಡಿದಳು. ಬಾಯಿ ಬಿಟ್ಟುಕೊಟ್ಟದ್ದು ಏನೆಂದು ಅವಳಿಗೆ ಹೆಜಮಾಡಿಯವನು ಬಸ್ಸಿನಲ್ಲೇ ಹೇಳಿದ್ದ.

"ಅವ್ವಾರ, ನಿಮ್ ಮಗಾ ಬರೂದಿತ್ತಂತಲ್ರೀ. ನೀವ್ಯಾಕ ಬ್ಯಾಡಂದ್ರಿ?"

"ಅವನು ಬರ್ತಾನೆ. ನಿನ್ನ ಗಂಡನ ಒಟ್ಟಿಗೆ ಬರ್ತಾನೆ," ಎಂದರು ಬಾಯಿ. ಅವಳು ಬಗ್ಗಿ ಅವರ ಕಾಲು ಮುಟ್ಟಲು ಹೋದಳು, ಬಾಯಿ ಗದರಿಸಿ ಎಬ್ಬಿಸಿದರು.

ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಗೆ ನಾಲ್ವರೂ ಹೋದೆವು. ಒಬ್ಬಳು ಸೀರೆ ಉಟ್ಟ ಕ್ರಿಶ್ಚಿಯನ್ ಮುದುಕಿ, ಒಬ್ಬ ಮೊಗವೀರ ಮೀನುಗಾರ, ತಲೆ ತುಂಬ ಸೆರಗು ಹೊದ್ದ ಬಾಗಲಕೋಟೆಯ ಹೆಂಗಸು, ಹಿಂದೆ ನಾನು. ಮೇಜಿನ ಹಿಂದಿದ್ದ ಅಧಿಕಾರಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ನೀವೆಲ್ಲ ಯಾವ ಸಂಘದವರು?" ಎಂದು ಕೇಳಿದರು.

"ಸಂಘ ಅಲ್ಲ ಸರ್. ಹಡಗು," ಎಂದರು ಬಾಯಿ.

ಅವರು ನಕ್ಕರು. ನಕ್ಕ ಮೇಲೆ ಕೂತುಕೊಳ್ಳಲು ಹೇಳಿದರು, ಓದಿದರು, ಅದೇ ದಿನ ಪತ್ರ ಕಳಿಸಿಕೊಟ್ಟರು. ದೆಹಲಿಯ ಅಧಿಕಾರಿಣಿಗೆ ನಾನೇ ಫೋನ್ ಮಾಡಿ, ಎರಡು ಮೇಜಿನ ಕಡತಗಳನ್ನು ಇದರೊಡನೆ ಒಂದು ಮಾಡಿಕೊಳ್ಳಿ ಎಂದು ಕೇಳಿಕೊಂಡೆ. ಈಗ ಇದರಲ್ಲಿ ಕೆಲಸ ಮಾಡಬಹುದು ಎಂದು ಅವರು ಹೇಳಿದರು. ಆ ಒಂದು ವಾಕ್ಯಕ್ಕೆ ನಾನು ಎಷ್ಟು ದಿನ ಕಾದಿದ್ದೆ!

ಆ ಆದಿತ್ಯವಾರ ಫಾದರ್ ನನ್ನನ್ನು ಬೆರಗುಗೊಳಿಸಿದರು. ಜಗಲಿಯಲ್ಲಿ ಸುಮ್ಮನಾದವರು ಸುಮ್ಮನೆ ಕೂತಿರಲಿಲ್ಲ. ಬಿಷಪರ ನಿವಾಸಕ್ಕೆ ಹೊಸ ಪತ್ರ ಬರೆದಿದ್ದರು: ನಾನು ಮೊದಲು ಒಬ್ಬನಿಗಾಗಿ ಬೇಡಿದ್ದು ಅರೆಬರೆ ಕೋರಿಕೆ, ದಯವಿಟ್ಟು ಮೂವರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿ ಎಂದು. ತಪ್ಪನ್ನು ಬರಹದಲ್ಲಿ ಒಪ್ಪಿಕೊಳ್ಳುವ ಫಾದರನ್ನು ನಾನು ಮೊದಲ ಸಲ ಕಂಡೆ. ಪೂಜೆಯಲ್ಲಿ ಭಕ್ತರ ಪ್ರಾರ್ಥನೆಯ ಹೊತ್ತಿಗೆ ಆಳುವವರಿಗಾಗಿ ಬೇಡಿದ ಮೇಲೆ ಮೂವರ ಹೆಸರನ್ನೂ ಓದಿದರು. ನಮ್ಮ ಇಗರ್ಜಿಯೊಳಗೆ ಒಬ್ಬ ಮೊಗವೀರನ ಹೆಸರೂ ಬಾಗಲಕೋಟೆಯ ಒಬ್ಬನ ಹೆಸರೂ ಕೇಳಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ಗುಸುಗುಸು ಎಂದರು. ಮುಂದಿನ ವಾರ ಗುಸುಗುಸು ಇರಲಿಲ್ಲ. ಅದರ ಮುಂದಿನ ವಾರ ಜನ ಮೂವರಿಗಾಗಿಯೂ 'ಪ್ರಭೂ, ಆಲಿಸು' ಎಂಬ ಉತ್ತರವನ್ನು ಗಟ್ಟಿಯಾಗಿಯೇ ಹೇಳಿದರು.

ಆದರೆ ದಿನಗಳು ಹೋಗುತ್ತಲೇ ಇದ್ದವು. ಒಂದು ಮಧ್ಯಾಹ್ನ ಬಾಯಿ ಅಂಗಡಿಯಲ್ಲಿದ್ದಾಗಲೇ ಮಗನ ವಿಡಿಯೋ ಕರೆ ಬಂತು. ಮುಖ ಇಳಿದು ಹೋಗಿತ್ತು, ಗಡ್ಡ ಬೆಳೆದಿತ್ತು. ಸಹಿಯ ವಿಷಯ ಬಂದರಿನ ದೋಣಿಯವರಿಂದ ಅವನಿಗೆ ತಿಳಿದಿತ್ತು.

"ಮಾಯ್, ನೀನು ಸಹಿ ಹಾಕಲಿಲ್ಲವಂತೆ."

"ಇಲ್ಲ ಮಗಾ."

"ನನ್ನನ್ನು ಕೇಳಲೂ ಇಲ್ಲ."

"ಕೇಳಲಿಲ್ಲ."

ಅವನು ಬೇರೆ ಕಡೆ ನೋಡಿದ. "ಇಲ್ಲಿ ಕುಡಿಯುವ ನೀರನ್ನು ಲೋಟದಲ್ಲಿ ಅಳೆದು ಕುಡಿಯುತ್ತೇವೆ," ಎಂದ. ಆಮೇಲೆ ಕರೆ ಕಡಿಯಿತು. ಸಿಗ್ನಲ್ ಹೋಯಿತೋ ಅವನೇ ಕಡಿದನೋ ಗೊತ್ತಾಗಲಿಲ್ಲ. ಬಾಯಿ ಮೊಬೈಲನ್ನು ಚೀಲದಲ್ಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಬಿಸಿಲಿನಲ್ಲಿ ಅವರ ಬೆನ್ನು ನೋಡುತ್ತ ನನಗೆ ಅಳು ಬಂತು. ಅವರ ಮೇಲಿನ ಸಿಟ್ಟು ಆ ದಿನವೇ ಹೋಯಿತು, ಆದರೆ ಅವರು ಮಾಡಿದ್ದು ಸರಿ ಎಂದು ಹೇಳುವ ಧೈರ್ಯ ಇನ್ನೂ ಬಂದಿರಲಿಲ್ಲ.

ಆ ಕರೆಯಾಗಿ ಏಳನೇ ವಾರ ದೆಹಲಿಯಿಂದ ಫೋನ್ ಬಂತು. ರಾಯಭಾರ ಕಚೇರಿಯ ವಕೀಲರು ನ್ಯಾಯಾಲಯದಲ್ಲಿ ಅರ್ಜಿ ಹಾಕಿದ್ದರು. ಧರ್ಮಸಭೆಯ ಪ್ರತಿನಿಧಿಯವರೂ ಈ ಸಲ ಮೂವರ ಹೆಸರು ಹೇಳಿ ಮಾತಾಡಿದ್ದರಂತೆ. ಎರಡು ದಾರಿಗಳು ಬಂದು ಒಂದೇ ಮೇಜಿನಲ್ಲಿ ಸೇರಿದ್ದವು. ಬಂದರಿನ ಕಾವಲುಗಾರರನ್ನು ಹಡಗಿಗೆ ಹತ್ತಿಸಲು, ನಾವಿಕರನ್ನು ಇಳಿಸಲು ಆದೇಶವಾಗಿದೆ ಎಂದು ಅಧಿಕಾರಿಣಿ ಹೇಳಿದರು. "ಎಷ್ಟು ಜನರನ್ನು ಮೇಡಂ?" ಎಂದು ಕೇಳಿದೆ. ಗೊತ್ತಿದ್ದರೂ ಕೇಳಬೇಕೆನಿಸಿತು.

"ಮೂವರನ್ನೂ," ಎಂದರು.

ಮೂವರೂ ಒಂದೇ ವ್ಯಾನಿನಲ್ಲಿ ಊರಿಗೆ ಬಂದರು. ಮೊದಲು ಹೆಜಮಾಡಿ, ಆಮೇಲೆ ಕಾಪು, ಕೊನೆಗೆ ಕಾರ್ಕಳ. ಬಾಯಿಯ ಮಗ ಮನೆಗೆ ಬಂದು ನಾಲ್ಕು ದಿನ ತಾಯಿಯ ಜೊತೆ ಬೇಕಾದಷ್ಟೇ ಮಾತಾಡಿದನಂತೆ. ಊಟ ಬಡಿಸಿದರೆ ಉಣ್ಣುವುದು, ಕೇಳಿದರೆ ಹೂಂ ಎನ್ನುವುದು. ಐದನೇ ದಿನ ಪಾಸ್‌ಪೋರ್ಟಿನ ಏನೋ ಕೆಲಸಕ್ಕೆಂದು ನನ್ನ ಅಂಗಡಿಗೆ ಬಂದ. ಜೆರಾಕ್ಸ್ ಮಾಡುತ್ತಿದ್ದಾಗ ಹಿಂದಿನಿಂದ ಮಾತಾಡಿದ.

"ಆಂಟಿ, ಗುರುವಾರ ದೋಣಿ ಬಂದಿತ್ತು, ನನ್ನನ್ನು ಕರಕೊಂಡು ಹೋಗಲಿಕ್ಕೆ. ಕಾಗದ ಬಂದಿರಬಹುದು ಅಂತ ಅವರಿಗೆ ಅಂದಾಜು. ನಾನು ಏಣಿಯ ಹತ್ತಿರ ನಿಂತೆ. ನನ್ನ ಜೊತೆಗಿದ್ದ ಇಬ್ಬರೂ ನನ್ನ ಬ್ಯಾಗು ಹೊತ್ತುಕೊಂಡು ಬಂದಿದ್ರು. ಕಾಗದ ಇಲ್ಲ ಅಂತ ದೋಣಿ ಹಾಗೇ ಹಿಂದೆ ಹೋಯ್ತು. ಅವರಿಬ್ಬರೇ ಬ್ಯಾಗನ್ನು ಮತ್ತೆ ಒಳಗೆ ಇಟ್ರು."

ನಾನು ಯಂತ್ರದಿಂದ ಹಾಳೆ ತೆಗೆದೆ.

"ಆ ಕಾಗದ ನನ್ನ ಕೈಗೆ ಬಂದಿದ್ರೆ ನಾನು ಸಹಿ ಹಾಕ್ತಿದ್ದೆ ಆಂಟಿ. ಎರಡನೇ ಪ್ಯಾರಾ ಓದಿ, ತಿಳಿದೇ ಹಾಕ್ತಿದ್ದೆ. ಅಮ್ಮನಿಗೆ ಹೇಳಬೇಡಿ."

ನಾನಾದರೂ ಹಾಕುತ್ತಿದ್ದೆ ಮಗಾ ಎಂದೆ. ಅವನ ಕಾಗದಗಳನ್ನು ಜೋಡಿಸಿ ಕೊಟ್ಟೆ. ಅವನು ಹೋದ.

ಹೇಳಬಾರದೆಂದು ನಾನೂ ನಿಶ್ಚಯಿಸಿದ್ದೆ. ಆದರೆ ಮುಂದಿನ ಆದಿತ್ಯವಾರ ಇಗರ್ಜಿಯ ಅಂಗಳದಲ್ಲಿ ಬಾಯಿ ಒಬ್ಬರೇ ಸಿಕ್ಕಿದಾಗ, ಇನ್ನೊಂದು ಪ್ರಶ್ನೆ ನನ್ನ ಬಾಯಿಂದ ಬಂದೇಬಿಟ್ಟಿತು. ಮಗನಿಗೆ ಆ ಪತ್ರ ಕಳಿಸಬೇಡ ಅಂದಿರಲ್ಲ, ಯಾಕೆ, ಅವನ ಮೇಲೆ ನಂಬಿಕೆ ಇರಲಿಲ್ಲವೇ ಎಂದು ಕೇಳಿದೆ.

"ಅವನು ಸಹಿ ಹಾಕ್ತಿದ್ದ," ಎಂದರು ಬಾಯಿ, ಅದರಲ್ಲಿ ಸಂಶಯವೇ ಇಲ್ಲ ಎಂಬಂತೆ. "ನೀರಿಲ್ಲದೆ ಕೂತವನ ಮುಂದೆ ಅಂಥ ಕಾಗದ ಇಡಬಾರದು. ಹಾಕಿ ಬಂದಿದ್ರೆ ಅವನು ಸಾಯುವವರೆಗೂ ಆ ಇಬ್ಬರ ಮುಖ ನೋಡಲಿಕ್ಕೆ ಆಗ್ತಿರಲಿಲ್ಲ. ಈಗ ಅವನಿಗೆ ನನ್ನ ಮೇಲೆ ಸಿಟ್ಟು ಉಂಟು. ಇರಲಿ. ತಾಯಿಯ ಮೇಲಿನ ಸಿಟ್ಟು ಅಲ್ವಾ, ಇಳಿಯುತ್ತದೆ."